ಸಿಸ್ಟರ ಕಾರಿನ ಕೆಂಪು

ಕಳೆದ ತಿಂಗಳು ಪುತ್ತೂರಿನಲ್ಲಿ ಕಾರಿನ ಸಾಮಾನು ಮಾರುವ ಅಂಗಡಿಯೊಂದಕ್ಕೆ ವೈಪರ್ ಕೇಳಲು ಹೋಗಿದ್ದೆ. ಅಂಗಡಿಯವರು ಬೇರೊಬ್ಬ ಗಿರಾಕಿಗೆ ಚಪ್ಪಟೆಯ ಡಬ್ಬಿಯೊಂದರ ಮುಚ್ಚಳ ತಿರುಗಿಸಿ ತೋರಿಸುತ್ತಿದ್ದರು. ಒಳಗೆ ಚಳಿಗಾಲದ ತುಪ್ಪದ ಹಾಗೆ ಗಟ್ಟಿಯಾದ ತಿಳಿಹಳದಿ ಮೇಣ. ಕಾರಿನ ಬಣ್ಣಕ್ಕೆ ಸವರುವಂಥದ್ದು. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ವೈಪರಿನ ಅಳತೆ ಹೇಳುವುದನ್ನೂ ಮರೆತು ನಿಂತೆ. ಕೊಬ್ಬರಿ ಮಿಠಾಯಿಯ ಪಕ್ಕದಲ್ಲಿ ಸೀಮೆಎಣ್ಣೆಯ ದೀಪ ಇಟ್ಟರೆ ಹೇಗೋ ಹಾಗೆ, ಸಿಹಿಯೂ ಹೌದು, ಘಾಟೂ ಹೌದು.

ಹನ್ನೊಂದು ವರ್ಷ ಆ ವಾಸನೆ ಪಂಜದ ನಮ್ಮ ಹಿಟ್ಟಿನ ಗಿರಣಿಯ ಕಿಟಕಿಯಿಂದ ಒಳಗೆ ಬರುತ್ತಿತ್ತು. ಬಂದಾಗಲೆಲ್ಲ ನನ್ನ ಹೊಟ್ಟೆಯೊಳಗೆ ಏನೋ ಸಣ್ಣಗೆ ಉರಿಯುತ್ತಿತ್ತು. ಬೇರೆ ಹೆಸರು ಯಾಕೆ ಹೇಳಲಿ, ಅದು ಹೊಟ್ಟೆಕಿಚ್ಚು. ರಸ್ತೆಯ ಆಚೆ ಬದಿಯ ಬಾಡಿಗೆ ಮನೆಯಲ್ಲಿದ್ದ ಆರೋಗ್ಯ ಇಲಾಖೆಯ ನರ್ಸಿನ ಮೇಲೆ. ಊರಿನವರೆಲ್ಲ ಅವರನ್ನು ಸಿಸ್ಟರ್ ಎನ್ನುತ್ತಿದ್ದರು, ನಾನೂ.

ಕಾಸರಗೋಡಿನ ಕಡೆಯವರು. ಮದುವೆಯಾಗಿರಲಿಲ್ಲ. ನನಗಿಂತ ಎರಡೋ ಮೂರೋ ವರ್ಷ ಚಿಕ್ಕವರು. ಮಕ್ಕಳಿಗೆ ಲಸಿಕೆ ಹಾಕುವುದು, ಬಸುರಿ ಬಾಣಂತಿಯರ ಮನೆಗೆ ಹೋಗಿ ನೋಡುವುದು ಅವರ ಕೆಲಸ. ಬಂದ ಮೊದಲ ವಾರವೇ ಅಕ್ಕಿ ಹಿಟ್ಟು ಮಾಡಿಸಲು ಗಿರಣಿಗೆ ಬಂದರು, ಬಿಸಿ ಹಿಟ್ಟನ್ನು ಅಂಗೈಗೆ ಹಾಕಿಕೊಂಡು ಮೂಸಿ ನೋಡಿ, "ಅಕ್ಕ, ನಿಮ್ಮ ಗಿರಣಿಯ ಹಿಟ್ಟಿಗೆ ಒಳ್ಳೆ ಪರಿಮಳ ಉಂಟು" ಎಂದರು. ಅಂದಿನಿಂದ ನಮ್ಮ ಸ್ನೇಹ. ಡ್ಯೂಟಿಗೆ ಹೋಗುವಾಗ ಮನೆಯ ಬೀಗದ ಕೈ ನನ್ನಲ್ಲಿ ಕೊಟ್ಟುಹೋಗುತ್ತಿದ್ದರು. ಗ್ಯಾಸ್ ಬಂದರೆ ನಾನು ಇಳಿಸಿಕೊಳ್ಳುತ್ತಿದ್ದೆ, ಅವರ ಗುಲಾಬಿ ಗಿಡಗಳಿಗೆ ನೀರು ಹಾಕುತ್ತಿದ್ದೆ.

ಕಾರು ಕಲಿಯುವ ಯೋಚನೆ ಅವರದ್ದೇ. ಬಸ್ಸು ಹೋಗದ ಮನೆಗಳಿಗೆ ಲಸಿಕೆಯ ಪೆಟ್ಟಿಗೆ ಹೊತ್ತುಕೊಂಡು ನಡೆದು ಅವರಿಗೆ ಸಾಕಾಗಿತ್ತು. "ಒಬ್ಬಳೇ ಹೋಗಲಿಕ್ಕೆ ನಾಚಿಕೆ. ನೀವೂ ಬನ್ನಿ ಅಕ್ಕ" ಎಂದು ಎಳೆದರು. ನನ್ನ ಗಂಡ ಏನು ಹೇಳುತ್ತಾರೋ ಎಂಬ ಭಯವಿತ್ತು. ಇವರು ನಕ್ಕು, "ಕಲಿ ಕಲಿ, ಕಲಿತರೆ ನಷ್ಟ ಎಂತ?" ಎಂದುಬಿಟ್ಟರು. ಹಾಗೆ ನಾವಿಬ್ಬರೂ ಒಂದು ತಿಂಗಳು ಬಸ್ಸಿನಲ್ಲಿ ಸುಳ್ಯದ ಡ್ರೈವಿಂಗ್ ಶಾಲೆಗೆ ಹೋಗಿ ಬಂದೆವು. ಬಸ್ಸಿನಲ್ಲಿ ಎದುರಿನ ಸೀಟಿನ ಕಂಬಿಯನ್ನೇ ಗೇರು ಎಂದುಕೊಂಡು ಎಳೆದು ತಳ್ಳಿ ಅಭ್ಯಾಸ ಮಾಡುವುದು, ನಗುವುದು... ನಲವತ್ತಕ್ಕೆ ಹತ್ತಿರವಾದ ಇಬ್ಬರು ಹೆಂಗಸರು ಶಾಲೆಯ ಹುಡುಗಿಯರಾಗಿದ್ದೆವು.

ಒಂದು ವಿಷಯ ಹೇಳಲೇಬೇಕು. ಓಡಿಸುವುದರಲ್ಲಿ ನಾನು ಮುಂದಿದ್ದೆ. ಪುತ್ತೂರಿನಲ್ಲಿ ಪರೀಕ್ಷೆ ಇಟ್ಟಾಗ ನಾನು ಎಂಟರ ಆಕಾರವನ್ನು ಹಿಮ್ಮುಖವಾಗಿಯೂ ತಪ್ಪಿಲ್ಲದೆ ಸುತ್ತಿದೆ. ಸಿಸ್ಟರ್ ಮೊದಲ ಸಲ ಕಂಬಕ್ಕೆ ತಾಗಿಸಿ ಫೇಲಾದರು, ಎರಡನೆಯ ಸಲ ಪಾಸಾದರು. "ಅಕ್ಕ ನನಗಿಂತ ಚೆಂದ ಓಡಿಸ್ತಾರೆ" ಎಂದು ಕಂಡ ಕಂಡವರ ಹತ್ತಿರ ಅವರೇ ಹೇಳಿಕೊಂಡು ತಿರುಗಿದರು.

ಆಮೇಲೆ ಅವರು ಕಾರು ಕೊಂಡರು. ಸಣ್ಣ ಕಾರು, ದಾಸವಾಳದ ಹೂವಿನಂಥ ಕೆಂಪು. ಅದು ಎದುರು ಬಂದು ನಿಂತ ದಿನ ನನಗೆ ಊಟ ಸೇರಲಿಲ್ಲ. ಇವರಿಗೂ ಸೇರಲಿಲ್ಲ, ಕಾರಣ ಬೇರೆ. "ಬಾಡಿಗೆ ಮನೆಯಲ್ಲಿರುವ ಹೆಂಗಸು ಕಾರು ತಂದಳು. ಗಿರಣಿ ಇಟ್ಟುಕೊಂಡು ನಾವು ಬಸ್ಸಿಗೆ ಕಾಯುದಾ?" ಎಂದರು. ಮೂರೇ ವಾರದಲ್ಲಿ ನಾವೂ ಪುತ್ತೂರಿನ ಶೋರೂಮಿನಲ್ಲಿ ನಿಂತಿದ್ದೆವು. ಇವರು ಬಿಳಿ ಸಾಕು ಎಂದರು. ನಾನು ಕೆಂಪೇ ಬೇಕು ಎಂದು ಹಟ ಹಿಡಿದೆ. ಅಲ್ಲಿದ್ದ ಹೆಂಗಸು, "ಕೆಂಪು ನಮ್ಮ ಬಿಸಿಲಿಗೆ ಬೇಗ ಮಂಕಾಗ್ತದೆ ಮೇಡಂ, ಒಳ್ಳೆ ನೋಡಿಕೊಳ್ಳಬೇಕಾಗ್ತದೆ" ಎಂದು ಎರಡು ಸಲ ಎಚ್ಚರಿಸಿದಳು. ನಾನು ಕೇಳಲಿಲ್ಲ. ಅದೇ ಕಾರು, ಅದೇ ಕೆಂಪು. ಅವರಿಗಿದ್ದದ್ದು ನನಗೂ ಇರಬೇಕು, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಆದರೆ ಕಾರು ನನ್ನದಾಗಲಿಲ್ಲ. ಕೀ ಇವರ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ನಾನು ಕೇಳಿದಾಗಲೆಲ್ಲ, "ನಿನಗೆ ಈಗ ಎಲ್ಲಿಗೆ ಹೋಗ್ಲಿಕ್ಕುಂಟು? ಎಲ್ಲಿಗೆ ಅಂತ ಹೇಳು, ನಾನೇ ಬಿಡ್ತೇನೆ" ಎನ್ನುತ್ತಿದ್ದರು. ಗದರಿಸಿ ಹೇಳಿದ್ದಲ್ಲ, ಪ್ರೀತಿಯಿಂದಲೇ ಹೇಳಿದ್ದು. ಜಗಳವಾಡಲೂ ಏನೂ ಸಿಗುತ್ತಿರಲಿಲ್ಲ. ಎಲ್ಲಿಗೂ ಹೋಗಲಿಕ್ಕಿಲ್ಲದೆ ಸುಮ್ಮನೆ ಓಡಿಸಬೇಕು ಎಂದು ಯಾವ ಬಾಯಿಯಲ್ಲಿ ಹೇಳುವುದು? ನನ್ನ ಲೈಸೆನ್ಸು ಕಪಾಟಿನಲ್ಲಿ ಸೀರೆಗಳ ಕೆಳಗೆ ಸೇರಿತು. ಎದುರಿನ ಮನೆಯಿಂದ, ಕಂಬಕ್ಕೆ ತಾಗಿಸಿ ಫೇಲಾಗಿದ್ದ ಹೆಂಗಸು, ದಿನಾ ಬೆಳಿಗ್ಗೆ ಗಾಜು ಇಳಿಸಿ ಮೊಣಕೈ ಹೊರಗಿಟ್ಟುಕೊಂಡು ಕಡಬಕ್ಕೆ, ಗುಂಡ್ಯದ ಕಡೆಗೆ, ಕಾಡಿನಂಚಿನ ಮನೆಗಳಿಗೆ ಹೊರಡುತ್ತಿದ್ದರು. ಹೊರಡುವಾಗ ಒಂದು ಹಾರ್ನು. ಅದು ನನಗೆ ನಮಸ್ಕಾರ. ನಾನು ಹಿಟ್ಟಿನ ಕೈ ಎತ್ತಿ ನಗುತ್ತಿದ್ದೆ.

ಬಣ್ಣದ ಕಥೆ ಶುರುವಾದದ್ದು ಮೂರನೆಯ ವರ್ಷ.

ನಮ್ಮ ಕಾರು ಗಿರಣಿಯ ಪಕ್ಕ ಬಯಲಲ್ಲಿ ನಿಲ್ಲುತ್ತಿತ್ತು. ಇವರು ಅದನ್ನು ನಿರ್ಲಕ್ಷಿಸಿದವರಲ್ಲ. ಬೆಳಿಗ್ಗೆ ಎದ್ದ ಕೂಡಲೇ ಮೈ ಒರೆಸುವ ಹಳೆಯ ಬೈರಾಸು ಹಿಡಿದುಕೊಂಡು, ಮೇಲೆ ಕೂತ ಹಿಟ್ಟನ್ನೂ ರಸ್ತೆಯ ಕೆಂಪು ಧೂಳನ್ನೂ ಒಣಗಿದ್ದ ಹಾಗೆಯೇ ಉಜ್ಜಿ ಉಜ್ಜಿ ತೆಗೆಯುತ್ತಿದ್ದರು. ಆದಿತ್ಯವಾರ ಬಟ್ಟೆಯ ಸೋಪಿನ ಪುಡಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿ, ನಡು ಮಧ್ಯಾಹ್ನದ ಬಿಸಿಲಿನಲ್ಲಿ ತೊಳೆಯುತ್ತಿದ್ದರು. "ನೋಡು, ಪಾತ್ರೆ ಬೆಳಗಿದ ಹಾಗೆ ಆಯ್ತು" ಎನ್ನುತ್ತಿದ್ದರು. ಮೂರು ವರ್ಷಕ್ಕೆ ಅದರ ತಲೆ ಮತ್ತು ಬಾನೆಟ್ಟು ಮಂಕಾದವು. ಮುಟ್ಟಿದರೆ ಬೆರಳಿಗೆ ಕೆಂಪು ಪುಡಿ ಅಂಟುತ್ತಿತ್ತು. ಇನ್ನೊಂದು ವರ್ಷಕ್ಕೆ ದಾಸವಾಳ ಹೋಗಿ ಬಾಡಿದ ಗುಲಾಬಿ ಹೂವಿನ ಬಣ್ಣವಾಯಿತು.

ಸಿಸ್ಟರ ಕಾರು ಹಾಗೆಯೇ ಇತ್ತು. ಅದು ಬೆಚ್ಚಗೆ ಶೆಡ್ಡಿನಲ್ಲಿದ್ದ ಕಾರೂ ಅಲ್ಲ. ದಿನವಿಡೀ ಮಣ್ಣಿನ ರಸ್ತೆಗಳಲ್ಲಿ ಅಲೆದು, ಚಕ್ರದಿಂದ ಕಿಟಕಿಯವರೆಗೆ ಕೆಸರು ಮೆತ್ತಿಕೊಂಡು ಬರುತ್ತಿತ್ತು. ಕೆಸರು ಇಳಿದರೆ ಒಳಗಿಂದ ಅದೇ ಕೆಂಪು ಏಳುತ್ತಿತ್ತು.

ನರಿಮೊಗರಿನಲ್ಲಿ ನಮ್ಮ ಸಂಬಂಧಿಕರ ಮದುವೆಗೆ ಸಿಸ್ಟರಿಗೂ ಕರೆಯೋಲೆ ಇತ್ತು. ನಾವು ನಮ್ಮ ಕಾರಿನಲ್ಲಿ ಹೋದೆವು, ಅವರು ಅವರದ್ದರಲ್ಲಿ. ಛತ್ರದೆದುರು ಎರಡೂ ಪಕ್ಕ ಪಕ್ಕ ನಿಂತವು. ಇವರ ಸೋದರಮಾವ ಎಲೆ ಅಡಿಕೆ ಜಗಿಯುತ್ತ ಬಂದು ಎರಡನ್ನೂ ಸುತ್ತು ಹಾಕಿ ನೋಡಿದರು.

"ಇದೆರಡು ಒಟ್ಟಿಗೆ ತಂದದ್ದಾ?"

"ಹೌದು ಮಾವ, ಮೂರು ವಾರ ಹೆಚ್ಚು ಕಮ್ಮಿ" ಎಂದರು ಇವರು.

"ಹಾಗಾದ್ರೆ ನಿನ್ನದು ಎಂತ ಮಾರಾಯ, ಅದರ ಅಜ್ಜನ ಹಾಗೆ ಉಂಟಲ್ಲ!"

ಸುತ್ತ ನಿಂತವರೆಲ್ಲ ನಕ್ಕರು. ಇವರೂ ನಕ್ಕರು. ಸಿಸ್ಟರ್ ಮಾತ್ರ ನಗಲಿಲ್ಲ, "ಬಿಸಿಲಲ್ಲಿ ನಿಲ್ಲುದಲ್ವಾ, ಪಾಪ" ಎಂದು ನಮ್ಮ ಕಾರಿನ ಪರ ಮಾತಾಡಿದರು. ಆ 'ಪಾಪ' ನನ್ನನ್ನು ಇನ್ನಷ್ಟು ಸುಟ್ಟಿತು. ಮದುವೆಯಲ್ಲಿ ಏನೇನು ಬಡಿಸಿದರೋ ನನಗೆ ನೆನಪಿಲ್ಲ...

ಆಮೇಲೆ ನಾನು ಸಿಸ್ಟರನ್ನು ಕದ್ದು ನೋಡಲು ತೊಡಗಿದೆ. ಗಿರಣಿಯ ಕಿಟಕಿಗೆ ಹಿಟ್ಟು ಹಿಡಿದ ಬಲೆಯಿತ್ತು. ಒಳಗಿದ್ದವರು ಹೊರಗೆ ಕಾಣುವುದಿಲ್ಲ ಎಂದು ನನ್ನ ಎಣಿಕೆ. ಆದಿತ್ಯವಾರ ಬೆಳಿಗ್ಗೆ, ಬಿಸಿಲು ಅಂಗಳಕ್ಕೆ ಬರುವ ಮೊದಲೇ ಸಿಸ್ಟರ್ ಸೀರೆ ಎತ್ತಿ ಕಟ್ಟಿಕೊಂಡು ಇಳಿಯುತ್ತಿದ್ದರು. ಮೊದಲು ಬಟ್ಟೆ ಮುಟ್ಟಿಸುತ್ತಲೇ ಇರಲಿಲ್ಲ. ಬರೀ ನೀರು ಹಾರಿಸಿ ಧೂಳು ತಾನಾಗಿ ಇಳಿಯಲು ಬಿಡುತ್ತಿದ್ದರು. ಆಮೇಲೆ ಎರಡು ಬಾಲ್ದಿ. ಒಂದರಲ್ಲಿ ಕಾರಿಗೆಂದೇ ಮಾಡಿದ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಒಳ್ಳೆ ನೀರು. ಹಳೆಯ ಮೆತ್ತಗಿನ ಹತ್ತಿ ಸೀರೆಯ ತುಂಡಿನಿಂದ ತಲೆಯಿಂದ ಕೆಳಗೆ, ಮಗುವಿಗೆ ಮೀಯಿಸುವ ಹಾಗೆ ತೊಳೆಯುತ್ತಿದ್ದರು. ಕಾಗೆಯೋ ಪಾರಿವಾಳವೋ ಹೇಸಿಗೆ ಮಾಡಿದರೆ ಆದಿತ್ಯವಾರದವರೆಗೆ ಕಾಯುವುದಿಲ್ಲ. ಒದ್ದೆ ಬಟ್ಟೆಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಹಾಕಿಟ್ಟು, ಮೆತ್ತಗಾದ ಮೇಲೆ ಎತ್ತುತ್ತಿದ್ದರು. ಮಳೆಗಾಲಕ್ಕೆ ಮೊದಲು ಒಮ್ಮೆ, ದೀಪಾವಳಿಯ ನಂತರ ಒಮ್ಮೆ ಆ ಹಳದಿ ಮೇಣ. ಸಣ್ಣ ಸಣ್ಣ ಸುತ್ತುಗಳಾಗಿ ಹಚ್ಚಿ, ಮಂಜಿನ ಹಾಗೆ ಬಿಳಿಯಾದ ಮೇಲೆ ಒರೆಸುತ್ತಿದ್ದರು. ಮಳೆ ಬಂದರೆ ನೀರು ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಮಣಿಮಣಿಯಾಗಿ ಉರುಳುತ್ತಿತ್ತು.

ಒಂದು ದಿನ ಅವರೇ ರಸ್ತೆ ದಾಟಿ ಬಂದರು. "ಅಕ್ಕ, ಒಂದು ಹೇಳ್ತೇನೆ, ತಪ್ಪು ತಿಳಿಯಬೇಡಿ. ಒಣಗಿದ ಬಟ್ಟೆಯಲ್ಲಿ ಒರೆಸುದು ಬೇಡ ಅಂತ ಅಣ್ಣನಿಗೆ ಹೇಳಿ. ಧೂಳು ಅಂದ್ರೆ ಮರಳು ಅಲ್ವಾ, ಗೀರುತ್ತದೆ. ನನ್ನ ಅಪ್ಪ ಕಾಸರಗೋಡಿನಲ್ಲಿ ಕಾರಿಗೆ ಪೈಂಟ್ ಹೊಡೆಯುವ ಕೆಲಸದಲ್ಲಿದ್ದದ್ದು. ಅವರು ಹೇಳುದಿತ್ತು, ಬಣ್ಣ ಅರ್ಧ ಹೋಗುದು ಬಿಸಿಲಿಗೆ, ಇನ್ನರ್ಧ ಹೋಗುದು ಒರೆಸಿ ಒರೆಸಿ ಅಂತ. ಕಂಪೆನಿಯಲ್ಲಿ ಹಾಕಿದ ಬಣ್ಣ ಒಲೆಯಲ್ಲಿ ಬೇಯಿಸಿದ್ದು. ಒಳ್ಳೆ ನೋಡಿಕೊಂಡ್ರೆ ಹದಿನೈದು ವರ್ಷಕ್ಕೆ ಎಂತದೂ ಆಗುದಿಲ್ಲ. ಒಮ್ಮೆ ಹೋದ್ರೆ ಮಾತ್ರ ಮತ್ತೆ ಹಾಗೆ ಬರುದಿಲ್ಲ."

ನಾನು, "ನಮಗೆಲ್ಲ ಎಲ್ಲಿ ಪುರುಸೊತ್ತು ಸಿಸ್ಟರ್, ನಿಮ್ಮ ಹಾಗೆ ಒಬ್ಬರೇ ಇರುವವರಾ ನಾವು?" ಎಂದೆ.

ಅವರ ಮುಖ ಸಣ್ಣದಾಯಿತು. "ಅದೂ ಹೌದು" ಎಂದು ಹೋದರು. ಆ ಮಾತು ನಾಲಗೆಯಿಂದ ಜಾರಿದ್ದಲ್ಲ, ಬೇಕೆಂದೇ ಆಡಿದ್ದು.

ಐದನೆಯ ವರ್ಷ ಇವರಿಗೂ ಹಟ ಬಂತು. ಕಾರನ್ನು ಪುತ್ತೂರಿನ ಒಂದು ವರ್ಕ್‌ಶಾಪಿನಲ್ಲಿ ಹತ್ತು ದಿನ ಬಿಟ್ಟು ಪೂರ್ತಿ ಹೊಸ ಬಣ್ಣ ಹೊಡೆಸಿ ತಂದರು. ಎಂಥಾ ಹೊಳಪು! ಸಿಸ್ಟರ ಕಾರಿಗಿಂತ ಹೆಚ್ಚು. ನಾನು ಏನೋ ನೆಪ ಮಾಡಿ ಸಿಸ್ಟರನ್ನು ಕರೆದು ತೋರಿಸಿದೆ. ಅವರು ಬಾಗಿಲಿನ ಮೇಲೆ ಬೆರಳಿನ ತುದಿ ಆಡಿಸಿ, "ಚೆಂದ ಆಗಿದೆ ಅಕ್ಕ. ಒಂದು ತಿಂಗಳು ಸೋಪು ಮುಟ್ಟಿಸಬೇಡಿ, ಬಣ್ಣ ಒಳಗಿಂದ ಒಣಗಬೇಕು" ಎಂದರು. ಇವರು ಆ ಆದಿತ್ಯವಾರವೇ ಸೋಪಿನ ಪುಡಿ ಕಲಸಿದರು. ತಡೆಯಬಹುದಿತ್ತು. ತಡೆದರೆ ಸಿಸ್ಟರ ಮಾತು ಕೇಳಿದಂತಾಗುತ್ತದಲ್ಲ... ಒಂದೂವರೆ ವರ್ಷಕ್ಕೆ ಆ ಹೊಸ ಬಣ್ಣ ಹಾವಿನ ಪೊರೆಯ ಹಾಗೆ ಅಲ್ಲಲ್ಲಿ ಎದ್ದು ಸುಲಿಯಿತು.

ಮುಂದಿನದ್ದನ್ನು ನಾನು ಇಷ್ಟರವರೆಗೆ ಯಾರಿಗೂ ಹೇಳಿದವಳಲ್ಲ.

ಮಳೆ ಹಿಡಿಯುವ ಮೊದಲು ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡುತ್ತಾರೆ. ಮೈಲುತುತ್ತೂ ಸುಣ್ಣವೂ ಕಲಸಿದ ನೀಲಿ ನೀರು. ಮರದ ತುದಿಗೆ ಹಾರಿಸಿದ್ದು ಗಾಳಿಗೆ ಎಲ್ಲೆಲ್ಲಿಗೋ ಬೀಳುತ್ತದೆ. ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ. ಕಾರಿಗೆ ಬಿದ್ದು ಬಿಸಿಲಿಗೆ ಕಾದರೆ ಬಣ್ಣದೊಳಗೇ ಇಳಿಯುತ್ತದೆ. ಸಿಸ್ಟರ ಬಾಡಿಗೆ ಮನೆಯ ಹಿಂದೆಯೇ ಒಂದು ತೋಟವಿತ್ತು. ಆ ವರ್ಷ ಅವರು ಮೂರು ದಿನದ ತರಬೇತಿಗೆಂದು ಇಲಾಖೆಯ ಜೀಪಿನಲ್ಲಿ ಮಂಗಳೂರಿಗೆ ಹೋಗಿದ್ದರು. ಎರಡನೆಯ ದಿನ ಬೆಳಿಗ್ಗೆ ಫೋನು.

"ಅಕ್ಕ, ಇವತ್ತು ತೋಟಕ್ಕೆ ಮದ್ದು ಬಿಡ್ತಾರಂತೆ. ನನ್ನ ಕಾರಿಗೆ ಕವರ್ ಹಾಕ್ತೀರಾ? ಜಗಲಿಯಲ್ಲೇ ಮಡಚಿ ಇಟ್ಟದ್ದುಂಟು."

"ಆಯ್ತು ಸಿಸ್ಟರ್, ಅದಕ್ಕೆ ಎಂತ" ಎಂದೆ.

ಹೇಳುವಾಗ ಹಾಕಬೇಕೆಂದೇ ಇತ್ತು, ದೇವರಾಣೆ. ಅವರ ಜಗಲಿಯ ಬೀಗದ ಕೈಯನ್ನೂ ತೆಗೆದುಕೊಂಡೆ. ಬಾಗಿಲಿಗೆ ಬಂದಾಗ ಎದುರಿಗೆ ಆ ಕಾರು, ಈಚೆ ಗಿರಣಿಯ ಪಕ್ಕ ಸುಲಿದ ಮೈಯ ನಮ್ಮ ಕಾರು, ಎರಡೂ ಒಟ್ಟಿಗೆ ಕಣ್ಣಿಗೆ ಬಿದ್ದವು. ನಾನು ಒಳಗೆ ಬಂದು ಕೂತೆ. ಇನ್ನೊಂದು ಸೇರು ಅಕ್ಕಿ ಬೀಸಿ ಹೋಗುತ್ತೇನೆ ಎಂದುಕೊಂಡೆ. ಅದು ಮುಗಿದ ಮೇಲೆ ಇನ್ನೊಂದು ಸೇರು. ತೋಟದಲ್ಲಿ ಪಂಪಿನ ಸದ್ದು ಎದ್ದಿತು. ಮದ್ದು ಬಿಡುವವನು ಬೇಲಿಯ ಹತ್ತಿರ ಬಂದು, "ಅಕ್ಕಾ, ಆ ಕಾರು ಮುಚ್ಚಿ, ಗಾಳಿ ಆಚೆ ಉಂಟು!" ಎಂದು ಕೂಗಿದ. ನಾನು ಕೈ ಎತ್ತಿ, ಕೇಳಿಸಿತು ಎಂದು ಸನ್ನೆ ಮಾಡಿದೆ. ಮತ್ತೆ ಒಳಗೆ ಹೋದೆ.

ಹನಿಗಳು ಬಿದ್ದದ್ದನ್ನು ಕಿಟಕಿಯಿಂದ ನೋಡಿದೆ. ಮೊದಲು ತುಂತುರು, ಆಮೇಲೆ ಗಾಳಿ ಬಂದಾಗ ದಪ್ಪ ಹನಿ. ಹತ್ತು ಗಂಟೆಯ ಹೊತ್ತಿಗೆ ಕೆಂಪಿನ ಮೇಲೆ ತಿಳಿನೀಲಿ ಚುಕ್ಕೆಗಳು ಒಣಗಿ ನಿಂತವು. ಅಂದು ಮಳೆ ಬರಲಿಲ್ಲ. ಮರುದಿನವೂ ಬರಲಿಲ್ಲ, ಉರಿಬಿಸಿಲು. ನನಗೆ ಸಂತೋಷವಾಯಿತೇ? ಆಯಿತು. ಸುಳ್ಳು ಹೇಳುವುದಿಲ್ಲ. ಮರುದಿನ ಸಂಜೆ ಸಿಸ್ಟರ್ ಬರುವವರೆಗೆ ಇತ್ತು ಆ ಸಂತೋಷ.

ಸಿಸ್ಟರ್ ಜೀಪಿನಿಂದ ಇಳಿದವರು ಚೀಲ ಕೆಳಗಿಡದೆ ಕಾರಿನ ಹತ್ತಿರ ನಿಂತರು. ನಾನೇ ಓಡಿಹೋದೆ.

"ಮರೆತೇ ಹೋಯ್ತು ಮಾರಾಯ್ರೆ! ಗಿರಣಿಯಲ್ಲಿ ಎಷ್ಟು ಜನ ಅಂತೀರಿ..."

"ಹೌದಾ" ಎಂದರು. ನನ್ನ ಮುಖ ನೋಡಿದರು. ಇನ್ನೇನಾದರೂ ಹೇಳುತ್ತೇನೆಯೋ ಎಂದು ಕಾದ ಹಾಗಿತ್ತು. "ಇರಲಿ ಅಕ್ಕ. ಕೆಲಸದ ನಡುವೆ ಮರೆಯುದು ಉಂಟು."

ಮೂರು ಸಂಜೆ ಅವರು ಆ ಕಾರಿನ ಜೊತೆ ಕಳೆದರು. ಸುಣ್ಣ ಕರಗಲು ವಿನೆಗರಿಗೆ ನೀರು ಬೆರೆಸಿ ಬಟ್ಟೆ ನೆನೆಸಿ ಹಾಕಿದರು. ತೊಳೆದರು, ಉಜ್ಜುವ ಪೇಸ್ಟಿನಿಂದ ಬೆರಳ ತುದಿಯಲ್ಲಿ ಒಂದೊಂದೇ ಚುಕ್ಕೆಯನ್ನು ತಿಕ್ಕಿದರು, ಮೇಣ ಹಚ್ಚಿದರು. ಕಾರು ಮತ್ತೆ ಹೊಳೆಯಿತು. ದಾರಿಯಲ್ಲಿ ಹೋಗುವವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಬಾನೆಟ್ಟಿನ ಮೇಲೆ ಸಂಜೆಯ ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಸಣ್ಣ ಸಣ್ಣ ಉಂಗುರಗಳು ಕಾಣುತ್ತಿದ್ದವು. ನನ್ನ ಕಿಟಕಿಗೆ ದಿನಾ ಸಂಜೆ ಕಾಣುತ್ತಿದ್ದವು.

ಮುಂದಿನ ವಾರದಿಂದ ಅವರ ಮನೆಯ ಬೀಗದ ಕೈ ನನ್ನಲ್ಲಿಗೆ ಬರಲಿಲ್ಲ. ಗಿರಣಿಯ ಪಕ್ಕದ ಕೋಣೆಯಲ್ಲಿ ಬಟ್ಟೆ ಹೊಲಿಯುವ ಜೊಹರಾಳಲ್ಲಿಗೆ ಹೋಯಿತು. ಬ್ಯಾರಿ ಮುಸ್ಲಿಮರ ಮನೆಯ ಹೆಂಗಸು, ಗಂಡ ದುಬೈಯಲ್ಲಿ. ಸಿಸ್ಟರ್ ನನ್ನಲ್ಲಿ ಮಾತು ಬಿಡಲಿಲ್ಲ. "ಊಟ ಆಯ್ತಾ ಅಕ್ಕ", "ಮಳೆ ಬರುವ ಹಾಗೆ ಉಂಟಲ್ಲ"... ಎಲ್ಲ ಇತ್ತು, ಹೊರಡುವಾಗ ಹಾರ್ನೂ ಇತ್ತು. ಆದರೆ ಕೀ ಇಲ್ಲ. ಗುಲಾಬಿಗೆ ಜೊಹರಾ ನೀರು ಹಾಕುತ್ತಿದ್ದಳು. ಕಡಬಕ್ಕೆ ನೂಲು, ಗುಂಡಿ ತರಲು ಹೋಗುವಾಗ ಸಿಸ್ಟರ ಕಾರಿನ ಮುಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಅವರಿಬ್ಬರೂ ಬ್ಯಾರಿ ಮಾತನ್ನೂ ಮಲಯಾಳವನ್ನೂ ಸೇರಿಸಿ ಏನೋ ಹೇಳಿಕೊಂಡು ನಗುತ್ತಿದ್ದರು. ಮೊದಲು ನನಗೆ ಸಿಸ್ಟರ ಮೇಲೆ ಮಾತ್ರ ಹೊಟ್ಟೆಕಿಚ್ಚಿತ್ತು. ಈಗ ಜೊಹರಾಳ ಮೇಲೂ ಹತ್ತಿತು. ಆ ಸೀಟು ನನ್ನದು, ಆ ನಗು ನನ್ನದು ಎಂದು ಅನಿಸುತ್ತಿತ್ತು. ಕಳೆದುಕೊಂಡವಳು ನಾನೇ ಎಂಬುದು ಗೊತ್ತಿದ್ದರೂ...

ಹೀಗೆ ನಾಲ್ಕು ವರ್ಷ. ಆಮೇಲೆ ಕಾಸರಗೋಡಿನಲ್ಲಿ ಅವರ ಅಕ್ಕನಿಗೆ ಕಾಯಿಲೆಯಾಯಿತು. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಸಿಸ್ಟರ್ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡರು. ಇಲ್ಲಿಯ ನಂಬರಿನ ಕಾರನ್ನು ಕೇರಳಕ್ಕೆ ಬದಲಾಯಿಸುವ ತಲೆಬಿಸಿ ಬೇಡವೆಂದು, ಕಾರನ್ನು ಇಲ್ಲೇ ಕೊಟ್ಟುಹೋಗುತ್ತಾರೆ ಎಂದು ಸುದ್ದಿ ಬಂತು.

ನಾನು ಎರಡು ದಿನ ಯೋಚಿಸಿದೆ. ಮೂರನೆಯ ದಿನ ರಸ್ತೆ ದಾಟಿದೆ. ಅವರು ಜಗಲಿಯಲ್ಲಿ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದರು.

"ಕಾರು ಕೊಡ್ತೀರಂತೆ, ಹೌದಾ?"

"ಹೌದಕ್ಕ. ಜೊಹರಾನಿಗೆ ಅಂತ ಮಾತಾಗಿದೆ. ಅವಳ ತಮ್ಮ ಓಡಿಸ್ತಾನಂತೆ."

"ನಾನು ತೆಗೊಳ್ಳುವ ಅಂತಿದ್ದೆ. ನಮ್ಮವರಿಗಲ್ಲ, ನನಗೆ."

ಅವರ ಕೈ ನಿಂತಿತು. "ಮೊದಲೇ ಹೇಳಬಾರದಿತ್ತಾ ಅಕ್ಕ? ಕೊಟ್ಟ ಮಾತು ಹೇಗೆ ತಿರುಗಿಸುದು?"

ಅಲ್ಲಿಗೆ ನಿಲ್ಲಿಸಿ ಬರಬೇಕಿತ್ತು. ನನ್ನ ಬಾಯಿ ನಿಲ್ಲಲಿಲ್ಲ. "ಅವರಿಗೆ ಈ ಬಣ್ಣ ನೋಡಿಕೊಳ್ಳಲಿಕ್ಕೆ ಬರ್ತದಾ? ಒಂದೇ ಮಳೆಗಾಲಕ್ಕೆ ಹಾಳು ಮಾಡ್ತಾರೆ."

ಸಿಸ್ಟರ್ ಕೈಯಲ್ಲಿದ್ದ ಲೋಟವನ್ನು ಮೆತ್ತಗೆ ಕೆಳಗಿಟ್ಟರು.

"ಅಕ್ಕ, ಆ ದಿನ ನೀವು ಮರೆತದ್ದಲ್ಲ. ಮದ್ದು ಬಿಡುವವನು ಮರುವಾರವೇ ಹೇಳಿದ್ದ. ಕೂಗಿ ಹೇಳಿದೆ, ಅಕ್ಕ ಕೈ ಎತ್ತಿದ್ರು ಅಂತ."

ನಾಲ್ಕು ವರ್ಷ. ನಾಲ್ಕು ವರ್ಷ ಅವರು ಅದನ್ನು ಒಳಗಿಟ್ಟುಕೊಂಡು, "ಊಟ ಆಯ್ತಾ" ಎಂದು ಕೇಳಿದ್ದರು.

"ಕಾರಿನ ಬೇಜಾರು ನನಗಿಲ್ಲ" ಎಂದರು ಅವರು. "ಬಣ್ಣ ಒಂದಲ್ಲ ಒಂದು ದಿನ ಹೋಗುವುದೇ. ನೀವು ಆ ಕಿಟಕಿಯಿಂದ ನೋಡ್ತಾ ಕೂರುದು ನನಗೆ ಕಾಣ್ತಿತ್ತು ಅಕ್ಕ. ನನಗಿಂತ ಚೆಂದ ಓಡಿಸುವವರು ನೀವು. ಸಿಸ್ಟರ್, ಒಮ್ಮೆ ಕೀ ಕೊಡಿ ಅಂತ ಒಂದೇ ಒಂದು ಸಲ ಕೇಳಿದ್ರೆ ನಾನು ಕೊಡ್ತಿರಲಿಲ್ವಾ?" ಲೋಟವನ್ನು ಮತ್ತೆ ಎತ್ತಿ ಪೇಪರಿನಲ್ಲಿ ಸುತ್ತುತ್ತ, "ನಾನಾದ್ರೂ ಕರೆದು ಕೊಡಬೇಕಿತ್ತು. ಮದ್ದು ಬಿದ್ದ ಮೇಲೆ ನನಗೂ ಮನಸ್ಸು ಬರಲಿಲ್ಲ" ಎಂದರು.

ಕ್ಷಮಿಸಿ ಎಂದು ನಾನು ಹೇಳಲಿಲ್ಲ. ರಸ್ತೆ ದಾಟಿ ಬಂದು, ಬೀಸಲು ಅಕ್ಕಿಯಿಲ್ಲದಿದ್ದರೂ ಗಿರಣಿಯ ಸ್ವಿಚ್ಚು ಹಾಕಿ, ಆ ಗದ್ದಲದಲ್ಲಿ ಅತ್ತೆ. ಎರಡು ದಿನ ಬಿಟ್ಟು ಅವರು ಹೊರಟಾಗ ನಾನು ಸುಬ್ರಹ್ಮಣ್ಯಕ್ಕೆ ಹೋಗುವ ಕೆಲಸವಿದೆಯೆಂದು ಮನೆಯಲ್ಲಿರಲಿಲ್ಲ. ಅಂಥ ಕೆಲಸವೇನೂ ಇರಲಿಲ್ಲ.

ಜೊಹರಾಳ ತಮ್ಮ ಆ ಕಾರನ್ನು ಚೆನ್ನಾಗಿಯೇ ನೋಡಿಕೊಂಡ. ನಾಲ್ಕೈದು ವರ್ಷವಾದ ಮೇಲೆ ಕಡಬದ ಯಾರಿಗೋ ಮಾರಿದ. ಆಗಲೂ ಅದು ಕೆಂಪಾಗಿಯೇ ಇತ್ತು. ನಮ್ಮ ಕಾರು ಅದಕ್ಕೂ ಮೊದಲೇ ಗುಜರಿಗೆ ಹೋಯಿತು. ಇವರು ಬೂದು ಬಣ್ಣದ ಇನ್ನೊಂದು ಕಾರು ತಂದರು. ಅದಕ್ಕೆ ಒಣಬಟ್ಟೆ ಮುಟ್ಟಿಸಲು ನಾನು ಬಿಡಲಿಲ್ಲ. ಎರಡು ಬಾಲ್ದಿ, ಹಳೆಯ ಸೀರೆಯ ತುಂಡು, ಬಿಸಿಲು ಬರುವ ಮೊದಲು ತೊಳೆಯುವುದು, ವರ್ಷಕ್ಕೆ ಎರಡು ಸಲ ಮೇಣ, ಎಲ್ಲ ನಾನೇ ಮಾಡಿದೆ. ಬಣ್ಣ ಇಷ್ಟು ಚೆನ್ನಾಗಿ ಉಳಿದದ್ದು ಹೇಗೆ ಎಂದು ಬಂದವರು ಕೇಳಿದರೆ ಎಲ್ಲವನ್ನೂ ವಿವರಿಸುತ್ತಿದ್ದೆ. ಯಾರಿಂದ ಕಲಿತದ್ದು ಎಂದು ಮಾತ್ರ ಹೇಳುತ್ತಿರಲಿಲ್ಲ. ಕೀ ಇವರ ಜೇಬಿನಲ್ಲೇ ಇತ್ತು.

ಕಳೆದ ಆಟಿ ತಿಂಗಳ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಜೊಹರಾ ಗಿರಣಿಯ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಹೊಲಿಯುತ್ತಿದ್ದ ರವಕೆ ಹಾಗೆಯೇ ಇತ್ತು.

"ಅಕ್ಕಾ, ಸಿಸ್ಟರ್ ಹೋದ್ರಂತೆ. ಜ್ವರ ಅಂತ ಮಲಗಿದ್ದು, ಏಳ್ಲೇ ಇಲ್ಲಂತೆ. ಈಗ ಅವರ ಅಕ್ಕ ಫೋನ್ ಮಾಡಿದ್ರು."

ಸುದ್ದಿ ಬಂದದ್ದು ಅವಳಿಗೆ. ನನಗಲ್ಲ. ಆ ಗಳಿಗೆಯಲ್ಲೂ ನನ್ನ ಮನಸ್ಸಿಗೆ ಮೊದಲು ಹೊಳೆದದ್ದು ಅದೇ. ಏನು ಮಾಡಲಿ, ಅಂಥ ಮನಸ್ಸು ನನ್ನದು. ಇಷ್ಟು ವರ್ಷ ತಿಂಗಳಿಗೊಮ್ಮೆ ಸಿಸ್ಟರ್ ಅವಳಿಗೆ ಫೋನು ಮಾಡುತ್ತಿದ್ದರು ಎಂಬುದೂ ನನಗೆ ಆಗಲೇ ತಿಳಿದದ್ದು.

"ನನ್ನ ವಿಷಯ ಎಂತಾದ್ರೂ ಕೇಳ್ತಿದ್ರಾ?" ಎಂದೆ.

"ಪ್ರತಿ ಸಲ ಕೇಳ್ತಿದ್ರು ಅಕ್ಕಾ. ಅಕ್ಕ ಈಗ ಕಾರು ಓಡಿಸ್ತಾರಾ ಅಂತ."

"ನೀನು ಎಂತ ಹೇಳ್ತಿದ್ದೆ?"

"ಇಲ್ಲ ಅಂತ. ಮತ್ತೆಂತ ಹೇಳುದು?"

ನಾನು ಗಿರಣಿ ನಿಲ್ಲಿಸಿ ಮನೆಯೊಳಗೆ ಹೋದೆ. ಇವರು ಊಟ ಮಾಡಿ ಮಲಗಿದ್ದರು. ಮೊಳೆಗೆ ತೂಗಿದ ಅಂಗಿಯ ಜೇಬಿನಿಂದ ಕೀ ತೆಗೆದೆ. ಇವರು ಕಣ್ಣು ಬಿಟ್ಟು, "ಎಲ್ಲಿಗೆ?" ಎಂದರು. "ಎಲ್ಲಿಗೂ ಇಲ್ಲ" ಎಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಮಗ್ಗುಲು ಬದಲಿಸಿದರು. ಅಷ್ಟೇ. ಇಷ್ಟಕ್ಕಾಗಿ ಇಷ್ಟು ವರ್ಷ!

ಮೊದಲ ದಿನ ಗಿರಣಿಯ ಅಂಗಳದಲ್ಲೇ ಹಿಂದೆ ಮುಂದೆ. ಕಾಲು ಏನನ್ನೂ ಮರೆತಿರಲಿಲ್ಲ. ವಾರದ ಮೇಲೆ ಪಂಜ ಪೇಟೆ, ತಿಂಗಳ ಮೇಲೆ ಕಡಬ. ಈಗ ಪುತ್ತೂರಿಗೂ ಒಬ್ಬಳೇ ಹೋಗುತ್ತೇನೆ. 

ಕಳೆದ ಆದಿತ್ಯವಾರ ಜೊಹರಾಳನ್ನು ಕೂರಿಸಿಕೊಂಡು ಗುಂಡ್ಯದವರೆಗೆ ಹೋದೆ. ಘಾಟಿ ಇಳಿದ ಲಾರಿಗಳು ಬಿಸಿ ಬ್ರೇಕಿನ ನಾತ ಬೀರುತ್ತ ಸಾಲಾಗಿ ನಿಂತಿದ್ದವು. ಅವುಗಳ ನಡುವಿನ ಸಣ್ಣ ಜಾಗಕ್ಕೆ ಕಾರನ್ನು ಹಿಮ್ಮುಖವಾಗಿ ಒಂದೇ ಸಲಕ್ಕೆ ಸೇರಿಸಿ ನಿಲ್ಲಿಸಿದೆ.

"ಅಲ್ಲಾ! ಸಿಸ್ಟರಿಗಿಂತ ಚೆಂದ ಓಡಿಸ್ತೀರಿ ಅಕ್ಕಾ ನೀವು" ಎಂದಳು ಜೊಹರಾ.

ಇನ್ನೊಬ್ಬರ ಬಾಯಿಂದ ಆ ಮಾತು ಕೇಳಬೇಕೆಂದು ನಾನು ಎಷ್ಟು ವರ್ಷ ಉರಿದಿದ್ದೆನೋ. ಬಂದಾಗ ಅದು ನನಗೆ ಬೇಡವಾಗಿತ್ತು. "ಹಾಗೆ ಹೇಳಬೇಡ ಮಾರಾಯ್ತಿ" ಎಂದೆ.

ಹೋಟೆಲಿನ ಬೆಂಚಿನಲ್ಲಿ ಚಹಾ ಬಂತು. ಜೊಹರಾ ಖುಷಿಯಲ್ಲಿ ಚೀಲದಿಂದ ಫೋನು ತೆಗೆದು, "ತಡೀರಿ, ಸಿಸ್ಟರಿಗೆ ಒಂದು..." ಎಂದು ನಂಬರು ಹುಡುಕಿದವಳು ಬೆರಳನ್ನು ಹಾಗೆಯೇ ತಡೆದಳು. ನಂಬರು ಇನ್ನೂ ಅಲ್ಲೇ ಇತ್ತು. ನಾವಿಬ್ಬರೂ ಅದನ್ನು ನೋಡಿದೆವು. ಅವಳು ಫೋನನ್ನು ಚೀಲಕ್ಕೆ ಹಾಕಿದಳು. ಎದುರಿಗೆ ಇನ್ನೊಂದು ಲಾರಿ ಘಾಟಿ ಇಳಿದು ಬಂತು. ನಾನು ಚಹಾ ಮುಗಿಸಿ ಕಾರಿನ ಕೀ ಕೈಗೆತ್ತಿಕೊಂಡೆ.